ದ್ವಿಪಾದ ಮತ್ತು ದ್ವಿಚಕ್ರ ನೆಲೆಗಳಲ್ಲಿ ಸ್ಥಳಾನ್ವೇಷಣೆಯ ಸಂಕಥನ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಅನುಲಕ್ಷಿಸಿ ಒಂದು ಪ್ರಾಥಮಿಕ ಟಿಪ್ಪಣಿ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಮನುಷ್ಯನಿಗೆ ಕಾಲು ಎರಡು. ಈ ಸಂಗತಿಯನ್ನು ವಿದ್ವತ್ ವಲಯ ಈಗಾಗಲೇ ಒಪ್ಪಿರುವುದರಿಂದ ಇಲ್ಲಿ ಮತ್ತೆ ಸಾಧಿಸಲು ಹೋಗಿಲ್ಲ. ಸೈಕಲ್ಲಿಗೆ ಚಕ್ರ ಎರಡು. ಇದೂ ಬಹುಮಟ್ಟಿಗೆ ಒಪ್ಪಿತವೇ. ಆದರೆ ಎರಡು ಕಾಲಿನ ಮನುಷ್ಯನೊಬ್ಬ ಎರಡು ಚಕ್ರದ ಸೈಕಲ್ ಹತ್ತಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋದರೆ, ಅವನು ‘ಹೋದ’ ಎನ್ನಬೇಕೋ, ‘ಸ್ಥಳೀಯತೆಯನ್ನು ಚಲನಶೀಲ ನೆಲೆಯಲ್ಲಿ ಮರುನಿರ್ವಚಿಸಿದ’ ಎನ್ನಬೇಕೋ ಎಂಬ ಬಗ್ಗೆ ಕನ್ನಡದಲ್ಲಿ ಗಂಭೀರ ಚಿಂತನೆ ನಡೆದಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವಿದು. (ವಿನಮ್ರ ಎಂಬ ಮಾತು ಪದ್ಧತಿಯಂತೆ ಬಂದಿದೆ.)

ಅಧ್ಯಯನದ ವ್ಯಾಪ್ತಿ, ಚಿತ್ರದುರ್ಗ ಜಿಲ್ಲೆಯ ಎರಡು ತಾಲ್ಲೂಕು. ಮಿತಿ, ಹಗಲು ಹನ್ನೊಂದರಿಂದ ನಾಲ್ಕರವರೆಗಿನ ಬಿಸಿಲು. ಪರಿಕರಗಳು: ಹಳೆಯದೊಂದು ಸೈಕಲ್ಲು, ಉಂಗುಷ್ಟ ಕಿತ್ತ ಒಂದು ಜೊತೆ ಚಪ್ಪಲಿ, ನೀರಿನ ಬಾಟಲಿ. ಸೈದ್ಧಾಂತಿಕ ಚೌಕಟ್ಟು ಪ್ರತ್ಯೇಕವಾಗಿ ಇಲ್ಲ. ಸೈಕಲ್ಲಿನ ಚೌಕಟ್ಟೇ ಸಾಕಾಯಿತು, ಅದಕ್ಕೂ ಎರಡು ಕಡೆ ವೆಲ್ಡಿಂಗ್ ಆಗಿದೆ.

2. ಅಧ್ಯಯನದ ಪ್ರೇರಣೆ

ಪ್ರೇರಣೆ ಎರಡು ದಿನಗಳ ಒಂದು ವಿಚಾರ ಸಂಕಿರಣ. ಊರು, ಸಂಸ್ಥೆ ಬೇಡ, ಊಟ ಚೆನ್ನಾಗಿತ್ತು. ವಿಷಯ, ನಡಿಗೆಯ ಮೂಲಕ ನೆಲದ ಅರಿವು. ವೇದಿಕೆಯಿಂದ ಊಟದ ಹಾಲಿಗೆ ಇದ್ದದ್ದು ಇನ್ನೂರು ಹೆಜ್ಜೆ. ಆಶಯ ಭಾಷಣಕಾರರು ಕಾರಿನಲ್ಲಿ ಹೋದರು. ಪಾದವೆಂಬುದು ದೇಹದ ಅಂಗವಲ್ಲ, ಅದೊಂದು ರಾಜಕೀಯ ಪಠ್ಯ ಎಂದು ಅವರು ಅದಾಗಲೇ ಸಾಬೀತುಪಡಿಸಿದ್ದರಿಂದ ಅದನ್ನು ಊರಲು ಹಿಂಜರಿದಿರಬಹುದು. ಎರಡನೇ ಗೋಷ್ಠಿಯಲ್ಲಿ ಒಬ್ಬರು ಧೂಳು ಕೂಡ ಒಂದು ಸಂಕಥನ ಎಂದರು, ಮುಂದಿನ ಸಾಲಿನವರು ಬರೆದುಕೊಂಡರು. ಇನ್ನೊಬ್ಬರು ಪರದೆಯ ಮೇಲೆ ಜಟಿಂಗ ರಾಮೇಶ್ವರ ಬೆಟ್ಟದ ಚಿತ್ರ ಹಾಕಿ, ‘ಇಂಥ ಅಜ್ಞಾತ, ಇನ್ನೂ ಅನ್ವೇಷಿತವಾಗದ ಭೂದೃಶ್ಯಗಳು’ ಎನ್ನುತ್ತಿದ್ದಂತೆ, ಮೈಕು ಸರಿಮಾಡಲು ನಿಂತಿದ್ದ ಹುಡುಗ ‘ಅದು ನಮ್ಮೂರ ಗುಡ್ಡ ಸಾ’ ಎಂದ. ಅವನ ಪ್ರತಿಕ್ರಿಯೆಯನ್ನು ದಾಖಲಿಸಿಕೊಳ್ಳಲಾಗಲಿಲ್ಲ, ಏಕೆಂದರೆ ಸಮಯಾಭಾವದಿಂದ ಸಂವಾದದ ಅವಧಿಯನ್ನು ಕೈಬಿಡಲಾಗಿತ್ತು. ಎರಡನೇ ದಿನದ ಕ್ಷೇತ್ರಕಾರ್ಯ ಬಸ್ಸಿನೊಳಗೆ ನಡೆಯಿತು. ಬಿಸಿಲು ಜೋರಾಗಿದ್ದರಿಂದ ಕಿಟಕಿಗಳ ಪರದೆ ಎಳೆದಿದ್ದರು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು, ನನಗೂ.

3. ಪೂರ್ವಾಧ್ಯಯನಗಳ ಸಮೀಕ್ಷೆ

ಈ ಸೀಮೆಯಲ್ಲಿ ದೊರೆತಿರುವ ಅತ್ಯಂತ ಹಳೆಯ ಪ್ರವಾಸ ವರದಿ ಕ್ರಿ.ಪೂ. ಮೂರನೇ ಶತಮಾನದ್ದು. ವರದಿದಾರ ಸಾಕ್ಷಾತ್ ದೇವಾನಾಂಪ್ರಿಯ ಅಶೋಕ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ ಅದರ ಪ್ರತಿಗಳಿವೆ. ಒಂದು ಸುತ್ತೋಲೆಗೆ ಮೂರು ಪ್ರತಿ ಬೇಕೆಂಬ ಕಚೇರಿ ಪದ್ಧತಿಯ ಮೂಲವನ್ನು ಇಲ್ಲಿ ಹುಡುಕಬಹುದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಈ ಸೀಮೆಯ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯಿದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ಆಜ್ಞೆಗೆ ಬರುತ್ತಾರೆ. ಈ ಕ್ರಮವನ್ನು ನಂತರದ ಆಡಳಿತಗಳು ಕೈಬಿಟ್ಟವು.

ವರದಿಯ ಪೂರ್ವಾರ್ಧದ ಕೊನೆಗೆ 256 ಎಂಬ ಅಂಕಿ ಇದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷಗಳಿವು ಎಂದು ಹಿಂದಿನ ಕೆಲವು ವಿದ್ವಾಂಸರು ವಾದಿಸಿದ್ದರು. ರಾಜ ಮನೆಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳಿವು ಎನ್ನುವುದು ಈಗ ಹೆಚ್ಚಿನವರ ಅಭಿಪ್ರಾಯ. ಪ್ರಸ್ತುತ ಪ್ರಬಂಧಕಾರ ಎರಡನೇ ಪಂಗಡದವನು. ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ತಂಗಿದ ರಾತ್ರಿಗಳನ್ನು ಕಾಣಿಸದೆ ಹಣ ಮಂಜೂರಾಗುವುದಿಲ್ಲ ಎಂಬುದು ಸರ್ಕಾರಿ ನೌಕರರೆಲ್ಲ ಬಲ್ಲ ಸತ್ಯ, ಚಕ್ರವರ್ತಿಗೂ ಲೆಕ್ಕಪರಿಶೋಧಕರಿದ್ದಿರಬೇಕು.

ಇದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಆದರೆ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕೊನೆಯ ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಬ್ರಹ್ಮಗಿರಿಯ ಆಸುಪಾಸಿನಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರು, ಹೇಳಿ? ಯಾರಿಗೂ ಓದಲು ಬಾರದ ಅಕ್ಷರದಲ್ಲಿ ದೊಡ್ಡದಾಗಿ ರುಜು ಹಾಕಿ ಹೊರಟುಹೋದ ಈ ಮನುಷ್ಯನಲ್ಲಿ ಎರಡು ಪರಂಪರೆಗಳು ಒಟ್ಟಿಗೆ ಹುಟ್ಟುತ್ತವೆ. ಒಂದು, ಪ್ರವಾಸಕ್ಕೆ ಬಂದವರು ಬಂಡೆಯ ಮೇಲೆ ಹೆಸರು ಬರೆದು ಹೋಗುವುದು. ಇನ್ನೊಂದು, ಸಂಶೋಧನಾ ಪ್ರಬಂಧ.

1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನಗಳನ್ನು ‘ಪತ್ತೆಹಚ್ಚಿದರು’. ಪತ್ತೆಯಾಗುವವರೆಗೆ ಬಂಡೆಗಳು ತಲೆಮರೆಸಿಕೊಂಡಿದ್ದವೇ? ಊರವರ ಬಾಯಲ್ಲಿ ಬ್ರಹ್ಮಗಿರಿಯದು ಅಕ್ಷರ ಗುಂಡು. ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಲ್ಲಿಯೇ ಅಂಗಡಿ ಹೂಡುತ್ತಿದ್ದರು. ಅವರ ಮಲಾರದಡಿ ಸಿಕ್ಕಿ ಚಕ್ರವರ್ತಿಯ ಅಕ್ಷರಗಳು ತೇದುಹೋದವು. ಎಮ್ಮೆ ಮೇಯಿಸುವವನು, ಬಳೆ ಮಾರುವವನು, ಇಬ್ಬರೂ ನಡೆದು ಬಂದವರೇ. ಅಕ್ಷರ ಗುಂಡು ಎಂದು ಕರೆದವರಿಗೆ ಓದಲು ಬಾರದಿದ್ದರೂ ಅದು ಅಕ್ಷರ ಎನ್ನುವುದು ತಿಳಿದಿತ್ತು. ರೈಸರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಅವರು ಓದಿಸಿ ಅಚ್ಚು ಹಾಕಿಸಿದರು, 1903ರಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳ ಸಂಪುಟವನ್ನೇ ತಂದರು, ಅದು ದೊಡ್ಡ ಕೆಲಸ. ಆಮೇಲೆ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಬ್ರಹ್ಮಗಿರಿಯಲ್ಲಿ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಇಲ್ಲಿನ ಬೃಹತ್ ಶಿಲಾಗೋರಿಗಳ ಕಾಲವನ್ನು ಲೆಕ್ಕಹಾಕಿದರು. ಇಷ್ಟೆಲ್ಲ ಆದ ಮೇಲೂ ‘ಅನ್ವೇಷಿತವಾಗದ ಭೂದೃಶ್ಯ’ ಎನ್ನುವವರಿಗೆ ಏನೆನ್ನಬೇಕು? ಇಂಗ್ಲಿಷರ ಪುಸ್ತಕವನ್ನೂ ಓದದೆ, ಎಮ್ಮೆ ತಮ್ಮನನ್ನೂ ಕೇಳದೆ, ಗೂಗಲ್ ನಕ್ಷೆಯಲ್ಲಿ ಬೂದುಬಣ್ಣ ಕಂಡ ಕಡೆಯೆಲ್ಲ ಅಜ್ಞಾತ ಎನ್ನುವ ಈ ರೋಗಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ. ಊರಲ್ಲಿ ಇದೆ, ಇಲ್ಲಿ ಬರೆಯುವಂತಿಲ್ಲ.

4. ಅನ್ವೇಷಕರ ವರ್ಗೀಕರಣ

ಅನ್ವೇಷಕರಲ್ಲಿ ಮುಖ್ಯವಾಗಿ ಒಂಬತ್ತು ವರ್ಗ, ಒಂದೊಂದರಲ್ಲೂ ಮೂರು ಉಪವರ್ಗ.

(ಅ) ವಾರಾಂತ್ಯೀಯ ಅಥವಾ ಆರೋಪಿತಚಕ್ರ ವರ್ಗ. ಇವರು ಬೆಂಗಳೂರಿನಿಂದ ಬರುತ್ತಾರೆ. ಇವರಲ್ಲಿ ಸೈಕಲ್ಲು ಕಾರಿನ ನೆತ್ತಿಯ ಮೇಲೂ ಮನುಷ್ಯ ಕಾರಿನ ಗರ್ಭದಲ್ಲೂ ಇರುವುದು ಪ್ರಧಾನ ಲಕ್ಷಣ. ಮನುಷ್ಯನು ವಾಹನವನ್ನು ಏರುವ ಬದಲು ವಾಹನವೇ ವಾಹನವನ್ನು ಏರುವ ಈ ಸ್ಥಿತಿಗೆ ವಿಲೋಮಾರೋಹಣ ಎಂದು ಹೆಸರಿಸಲಾಗಿದೆ. ಹೆದ್ದಾರಿಯ ಪಕ್ಕ ಸೈಕಲ್ಲನ್ನು ಇಳಿಸಿ, ಅಂಟಿದಂಥ ಬಟ್ಟೆ ತೊಟ್ಟು, ಗ್ಲಾಸು ಹಾಕಿ, ತಳುಕು ದಾಟುವಷ್ಟರಲ್ಲಿ ಫೋಟೋ ಮುಗಿದಿರುತ್ತದೆ. ತಳುಕು ಯಾವ ಊರು ಎಂದು ಕೇಳಿದವರು ಇವರಲ್ಲಿ ವಿರಳ. ಟಿ.ಎಸ್. ವೆಂಕಣ್ಣಯ್ಯನವರು, ತ.ಸು. ಶಾಮರಾಯರು, ತ.ರಾ.ಸು. ಎಲ್ಲರ ಇನಿಷಿಯಲ್ಲಿನಲ್ಲೂ ಮೊದಲು ನಿಂತಿರುವುದು ಈ ಊರೇ. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಈ ವೆಂಕಣ್ಣಯ್ಯನವರಿಗೆ. ಅಷ್ಟು ದೊಡ್ಡ ಮೇಷ್ಟ್ರು ಪಾದವನ್ನು ಪಠ್ಯವೆಂದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

(ಆ) ಧ್ವಜಾಗ್ರ ವರ್ಗ. ಪಾದಯಾತ್ರೆಯ ಬ್ಯಾನರು ಮುಂದೆ, ಜನ ನಡುವೆ, ಹಿಂದೆ ಸಾಲಾಗಿ ಖಾಲಿ ಕಾರುಗಳು. ಕ್ಯಾಮೆರಾ ತಿರುಗಿದ ಕೂಡಲೇ ಪಾದಗಳು ಕಾರು ಸೇರುತ್ತವೆ. ಉಪವರ್ಗಗಳನ್ನು ಓದುಗರೇ ಊಹಿಸಿಕೊಳ್ಳಬಹುದು.

(ಇ) ಕ್ಯಾರಿಯರ್‌ಸ್ಥ ವರ್ಗ. ಎಂಟನೇ ತರಗತಿಯ ಹುಡುಗಿ ಮತ್ತು ಸರ್ಕಾರ ಕೊಟ್ಟ ಸೈಕಲ್ಲು. 2006–07ರಲ್ಲಿ ಶುರುವಾದ ಯೋಜನೆ. ಸೈಕಲ್ಲು ಶಾಲೆಗೆ ಬಂದ ದಿನವೇ ಅದನ್ನು ಅಂಗಡಿಗೆ ತಳ್ಳಿಕೊಂಡು ಹೋಗಿ ನಟ್ಟುಗಳನ್ನೆಲ್ಲ ಮತ್ತೆ ಬಿಗಿಸಬೇಕಿತ್ತು, ಬ್ರೇಕು ಹಿಡಿದರೆ ಗಂಟೆ ಬಾರಿಸುತ್ತಿತ್ತು, ಬೆಲ್ಲು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆದರೂ ಅದರ ಮೇಲೆ ಕೂತು, ಹಿಂದಿನ ಕ್ಯಾರಿಯರಿನಲ್ಲಿ ಚೀಲವನ್ನೂ ಗೆಳತಿಯನ್ನೂ ಹೊತ್ತು, ಹಟ್ಟಿಯಿಂದ ಹೈಸ್ಕೂಲಿಗೆ ಆಷಾಢದ ಎದುರುಗಾಳಿಯಲ್ಲಿ ಎದ್ದುನಿಂತು ತುಳಿಯುತ್ತಿದ್ದಳು. ದಾರಿಯಲ್ಲಿ ಯಾವ ಹೊಲದ ನಾಯಿ ಬೊಗಳುತ್ತೆ, ಯಾವುದು ಕಚ್ಚುತ್ತೆ, ಯಾವ ಬಾವಿಯ ಕಟ್ಟೆಯ ಮೇಲೆ ಯಾವ ಹುಡುಗರು ಕೂತಿರುತ್ತಾರೆ, ಮಳೆ ಬಂದರೆ ಹಳ್ಳ ಎಲ್ಲಿ ಕಟ್ಟುತ್ತೆ, ಇವೆಲ್ಲ ಅವಳಿಗೆ ಗೊತ್ತು. ಆ ನಕ್ಷೆಯನ್ನು ಯಾರೂ ಅಚ್ಚು ಹಾಕಲಿಲ್ಲ. ಕೋವಿಡ್ ಬಂತು, ಸೈಕಲ್ ಕೊಡುವುದು ನಿಂತಿತು, ಕೋವಿಡ್ ಹೋದರೂ ಸೈಕಲ್ ಬರಲಿಲ್ಲ. ಎಂಟನೇ ತರಗತಿಗೆ ಶಾಲೆ ಬಿಡಿಸಿದ ಹುಡುಗಿಯ ಬಗ್ಗೆ ಸಂಕಿರಣದಲ್ಲಿ ಯಾವ ಗೋಷ್ಠಿಯೂ ಇರಲಿಲ್ಲ, ‘ಮಹಿಳೆ ಮತ್ತು ಚಲನಶೀಲತೆ’ ಎಂಬ ಗೋಷ್ಠಿ ಇತ್ತು.

(ಈ)ಯಿಂದ (ಏ)ವರೆಗಿನ ಆರು ವರ್ಗಗಳನ್ನೂ ಅವುಗಳ ಹದಿನೆಂಟು ಉಪವರ್ಗಗಳನ್ನೂ ಕೈಬಿಡಲಾಗಿದೆ. ಮನಸ್ಸಿಲ್ಲ.

5. ಪಂಕ್ಚರಿನ ಪ್ರಮಾಣಮೀಮಾಂಸೆ

ಈ ನೆಲವನ್ನು ಅರಿಯಲು ಮುಖ್ಯ ಸಾಧನ ಮುಳ್ಳು. ನೆಗ್ಗಿಲು ಮುಳ್ಳಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳನ್ನು ಆಕಾಶದ ಕಡೆಗೆ ಎತ್ತಿಯೇ ಇರುತ್ತದೆ. ಬಳ್ಳಾರಿ ಜಾಲಿಯದು ಇನ್ನೂ ಉದ್ದ, ಚಪ್ಪಲಿಯನ್ನೂ ಹಾದು ಅಂಗಾಲನ್ನು ಮಾತಾಡಿಸುತ್ತದೆ. ಆದ್ದರಿಂದ ಪಾದಚಾರಿಗೂ ಸೈಕಲ್ ಸವಾರನಿಗೂ ಇಲ್ಲಿ ಜ್ಞಾನೋದಯ ಕೆಳಗಿನಿಂದ ಮೇಲಕ್ಕೆ ಆಗುತ್ತದೆ.

ಪಂಕ್ಚರಿನ ಅರಿವಿಗೆ ಪ್ರಮಾಣ ಮೂರು. ‘ಸುಸ್ಸ್’ ಎಂದು ಕೇಳಿಸಿದರೆ ಪ್ರತ್ಯಕ್ಷ. ರಿಮ್ಮು ಕಲ್ಲಿಗೆ ಕುಟ್ಟಿ ಬೆನ್ನುಹುರಿ ಅದುರಿದರೆ ಅನುಮಾನ. ‘ಅಣ್ಣೋ, ಗಾಳಿ ಹೋಗೈತೆ’ ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರೆ ಅದು ಶಬ್ದಪ್ರಮಾಣ. ಮೊದಲೆರಡನ್ನು ನಂಬದವನೂ ಮೂರನೆಯದನ್ನು ನಂಬಿ ಇಳಿಯುತ್ತಾನೆ.

ಬಿ.ಜಿ. ಕೆರೆಯ ಕಡೆ ರಸ್ತೆ ಬದಿಯ ಒಂದು ಅಂಗಡಿ. ಹುಣಸೆಮರ, ಅದಕ್ಕೆ ನೇತುಹಾಕಿದ ಹಳೇ ಟೈರು, ಅಷ್ಟೇ. ಮುದುಕ ಎರಡು ಪಟ್ಟಿ ತೂರಿಸಿ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಿದ, ಟ್ಯೂಬನ್ನು ಎಳೆದ, ಗಾಳಿ ತುಂಬಿ ಬಾಂಡ್ಲಿಯ ಕರೀ ನೀರಿನಲ್ಲಿ ಗೇಣು ಗೇಣಾಗಿ ಅದ್ದುತ್ತ ಬಂದ. ಒಂದು ಕಡೆ ಸಣ್ಣ ಗುಳ್ಳೆಗಳ ಎಳೆ ಎದ್ದಿತು. ಒರೆಸಿದ, ಗುರುತು ಹಾಕಿದ, ಅರದಿಂದ ಉಜ್ಜಿದ, ಸಲ್ಯೂಷನ್ ಹಚ್ಚಿ ಊದಿದ, ತುಂಡು ಅಂಟಿಸಿ ಸುತ್ತಿಗೆಯಿಂದ ತಟ್ಟಿದ. ಮುಗಿಯಿತು ಎಂದು ನಾನು ಜೇಬಿಗೆ ಕೈಹಾಕಿದರೆ, ಅವನು ಟೈರಿನ ಒಳಮೈಯಲ್ಲಿ ಹೆಬ್ಬೆರಳನ್ನು ನಿಧಾನವಾಗಿ ಸುತ್ತಿಸುತ್ತಿದ್ದ. ಒಂದು ಜಾಗದಲ್ಲಿ ಬೆರಳು ನಿಂತಿತು. ಇಕ್ಕಳದಿಂದ ಜಾಲಿಯ ಮುರುಕು ಮೊನೆಯನ್ನು ಕಿತ್ತು ನನ್ನ ಅಂಗೈಗೆ ಹಾಕಿ, ‘ಇದು ಒಳಗೇ ಇದ್ರೆ ತೂತು ಮುಚ್ಚಿ ಏನು ಬಂತು’ ಎಂದ.

ನ್ಯಾಯಶಾಸ್ತ್ರದ ಐದು ಅವಯವಗಳು ಇಲ್ಲಿ ಪರಿಪೂರ್ಣ. ಪ್ರತಿಜ್ಞೆ: ಈ ಟ್ಯೂಬು ರಂಧ್ರವುಳ್ಳದ್ದು. ಹೇತು: ಗುಳ್ಳೆ ಬರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಗುಳ್ಳೆಯೋ ಅಲ್ಲಲ್ಲಿ ರಂಧ್ರ, ಹೋದ ವಾರ ಬಂದ ಮೇಷ್ಟ್ರ ಟ್ಯೂಬಿನಂತೆ. ಉಪನಯ: ಇದೂ ಹಾಗೆಯೇ. ನಿಗಮನ: ಆದ್ದರಿಂದ ಮೂವತ್ತು ರೂಪಾಯಿ.

ಇಂಥವನನ್ನು ಸಂಕಿರಣಕ್ಕೆ ಕರೆಯಬೇಕಿತ್ತು. ಕರೆದಿದ್ದರೆ ‘ಸಂಪನ್ಮೂಲ ವ್ಯಕ್ತಿ’ ಎಂದು ಎದೆಗೆ ಬ್ಯಾಡ್ಜು ಚುಚ್ಚುತ್ತಿದ್ದರು. ಬೇಡ, ಅಂಗಡಿಯಲ್ಲೇ ಇರಲಿ.

6. ದೂರಮಾನ

ಮೈಲಿಗಲ್ಲುಗಳನ್ನು ಈ ಸೀಮೆಯ ಜನ ಗೌರವಿಸುತ್ತಾರೆ, ಬಳಸುವುದಿಲ್ಲ. ‘ಇಲ್ಲೇ ಐತೆ’ ಎಂದರೆ ಮೂರು ಕಿಲೋಮೀಟರಿನಿಂದ ಹನ್ನೊಂದರವರೆಗೆ. ರಾಯದುರ್ಗದ ಗಡಿ ಹತ್ತಿರವಾದಂತೆ ಇದು ‘ಈಡ್ನೇ ಉಂದಿ ಪೋ’ ಎಂದಾಗುತ್ತದೆ, ದೂರ ಮಾತ್ರ ಅಷ್ಟೇ. ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವ ಜನ ಇವರು, ರಾಜ್ಯಗಳ ಗಡಿ ತಮ್ಮ ನಾಲಿಗೆಯ ಮೇಲೆ ಹಾದುಹೋಗಿದೆ ಎಂದು ಯಾರೂ ತಲೆಕೆಡಿಸಿಕೊಂಡಿಲ್ಲ. ಇದರ ಬಗ್ಗೆ ಉದ್ದಕ್ಕೆ ಬರೆಯಬಹುದಿತ್ತು. ಆದರೆ ಬರೆಯಲು ಕೂತಾಗಲೆಲ್ಲ ಮುಂದಿನ ಅಧ್ಯಾಯ ಅಡ್ಡ ಬರುತ್ತಿದೆ.

7. ಕಾವಲು

ಇಲ್ಲಿ ಪರಿಭಾಷೆ ಸಾಲುವುದಿಲ್ಲ, ಸಾದಾ ಮಾತಿನಲ್ಲಿ ಬರೆಯುತ್ತೇನೆ.

ಚಳ್ಳಕೆರೆಯ ಸುತ್ತ ಅಮೃತಮಹಲ್ ಕಾವಲುಗಳಿವೆ, ಇದ್ದವು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು. ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. 1799ರಲ್ಲಿ ಟಿಪ್ಪು ಮಡಿದ ನಂತರ ಬ್ರಿಟಿಷರೂ ಆ ತಳಿಯನ್ನು ಬಿಡಲಿಲ್ಲ, ಅವರ ಫಿರಂಗಿ ಎಳೆಯಲು ಇಂಥ ಎತ್ತು ಬೇಕಿತ್ತು. ಹೀಗೆ ರಾಜ, ಸುಲ್ತಾನ, ಕಂಪನಿ ಎಲ್ಲರ ಕಾಲದಲ್ಲೂ ಹುಲ್ಲು ಹುಲ್ಲಾಗಿಯೇ ಉಳಿಯಿತು. ದೊಡ್ಡ ಉಳ್ಳಾರ್ತಿ, ಕುದಾಪುರ, ವರವು, ನನ್ನಿವಾಳದ ಕಡೆಯ ಜನರ ದನ ಕುರಿಗಳಿಗೂ ಅದೇ ಆಸರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಶೇಂಗಾ ಕೈಕೊಟ್ಟ ವರ್ಷ ಕುರಿ ಕೈಹಿಡಿಯಬೇಕು. ಆ ಕುರಿಯ ಉಣ್ಣೆಯೇ ಚಳ್ಳಕೆರೆಯ ಸಂತೆಯ ಕಂಬಳಿ. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಜುಂಜಪ್ಪನ ಕಥೆಯ ದನಗಳು, ಎಲ್ಲವೂ ಈ ಹುಲ್ಲಿನ ಮೇಲೆ ನಡೆದವು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡದ್ದು ಇದೇ ತಾಲ್ಲೂಕಿನಲ್ಲಿ. ಅವರು ಅಕ್ಷರ ಕಲಿತವರಲ್ಲ. ದನ ಕುರಿಯ ಹಿಂದೆ ನಡೆದವರ ಬದುಕೆಲ್ಲ ಆ ಹಾಡುಗಳಲ್ಲಿದೆ.

2010ರ ಆಸುಪಾಸಿನಲ್ಲಿ ಈ ಕಾವಲಿನ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಹಂಚಲಾಯಿತು. ವಿಜ್ಞಾನ ಸಂಸ್ಥೆಯ ಪಾಲು 1,500 ಎಕರೆ. ಹಂಚಿಕೆಯಾದದ್ದು ಹಳ್ಳಿಗಳಿಗೆ ಗೊತ್ತಾದದ್ದು ಬೇಲಿ, ಗೋಡೆ ಎದ್ದಾಗ. 2013ರಲ್ಲಿ ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಜನ ಗೋಡೆಯ ಮುಂದೆ ನಿಂತರು, ಗೋಡೆ ನಿಂತೇ ಇತ್ತು.

ವಿಜ್ಞಾನ ಬೇಡವೆಂದು ಯಾರೂ ಅಂದಿಲ್ಲ. ಕುದಾಪುರದಲ್ಲಿ ಶಾಲೆಯ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ, ಒಳ್ಳೆಯದೇ. 2023ರ ಏಪ್ರಿಲ್ 2ರಂದು ಇಲ್ಲಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆಯ ಉಡ್ಡಯನ ವಾಹನವನ್ನು ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಮತ್ತೆ ಎರಡು ಸಲ ಇಳಿಯಿತು. ನನಗೂ ಹೆಮ್ಮೆಯೇ. ಆದರೆ ಅದೇ ನೆಲದಲ್ಲಿ ತಲೆತಲಾಂತರದಿಂದ ಚಾಲಕನಿಲ್ಲದೆ ಸಂಜೆಗೆ ತಾನೇ ದಾರಿ ಹುಡುಕಿಕೊಂಡು ಹಟ್ಟಿಗೆ ಬರುತ್ತಿದ್ದ ಕುರಿ ಈಗ ಗೋಡೆಗೆ ಮುಖ ಹಾಕಿ ನಿಲ್ಲುತ್ತದೆ, ಅದನ್ನು ಯಾವ ಸಾಧನೆಯ ಲೆಕ್ಕಕ್ಕೆ ಹಾಕೋಣ? ಹಿಂದಿನ ರಾಜರು ಹುಲ್ಲಿಗೆ ಕಾವಲು ಇಟ್ಟರು, ಈಗಿನವರು ಹುಲ್ಲಿನಿಂದ ಜನರನ್ನು ಕಾಯುತ್ತಿದ್ದಾರೆ. ಆ ಹುಲ್ಲುಗಾವಲನ್ನು ಬಂಜರು ಎಂದವರಿದ್ದಾರೆ. ಅಲ್ಲಿ ಕೃಷ್ಣಮೃಗ ಓಡುತ್ತಿತ್ತು ಸ್ವಾಮಿ. ಒಂದು ದಿನ, ಒಂದೇ ದಿನ, ಕುರಿಯವನ ಹಿಂದೆ ನಡೆದಿದ್ದರೆ ಆ ಪದ ಬಾಯಿಗೆ ಬರುತ್ತಿರಲಿಲ್ಲ. ನಡೆಯಲಿಲ್ಲ. ಅಷ್ಟೂ ಎಕರೆಯನ್ನು ಕಾಗದದ ಮೇಲೆ ದಾಟಿದರು.

ಕಾಲುದಾರಿಗೆ ಪಹಣಿ ಇರುವುದಿಲ್ಲ. ಅದರ ದಾಖಲೆ ಅದರ ಮೇಲೆ ನಡೆಯುವುದೊಂದೇ. ನಡೆಯುವುದು ನಿಂತ ಎರಡು ಮಳೆಗಾಲಕ್ಕೆ ಜಾಲಿ ಬಂದು ಮುಚ್ಚುತ್ತದೆ. ಆಮೇಲೆ ಯಾರೋ ಬಂದು ‘ಅನ್ವೇಷಿತವಾಗದ’ ಎಂದು ಸ್ಲೈಡು ಹಾಕುತ್ತಾರೆ.

8. ಮುಂದಿನ ಸಂಶೋಧನೆಗೆ ಇರುವ ಅವಕಾಶಗಳು

ಪದ್ಧತಿಯಂತೆ ಇದನ್ನೂ ಬರೆಯಬೇಕು. ಚಳ್ಳಕೆರೆಯ ಎಣ್ಣೆ ಗಿರಣಿಗಳ ವಾಸನೆ ಸೈಕಲ್ ಸವಾರನಿಗೆ ಎಷ್ಟು ದೂರದಿಂದ ಸಿಗುತ್ತದೆ, ಮೊಳಕಾಲ್ಮೂರಿನ ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನೂ ದಿನವಿಡೀ ತುಳಿಯುವವನೇ ಆದ್ದರಿಂದ ಅವನು ಎಷ್ಟು ಮೈಲಿ ಹೋದಂತಾಯಿತು, ನುಂಕೆಮಲೆಯ ಭೈರವನ ಗುಡಿಗೆ ಹತ್ತುವವರ ಹರಕೆ ಮತ್ತು ಮೊಣಕಾಲು ನೋವಿಗೆ ಸಂಬಂಧವೇನು ಇತ್ಯಾದಿ. ಯಾರಾದರೂ ಯುವ ವಿದ್ವಾಂಸರು ಕೈಗೆತ್ತಿಕೊಳ್ಳಬಹುದು. ಅನುದಾನ ಸಿಗುವ ಭರವಸೆ ಇಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಡುವವರಿಗೆ ಕೆಲವು ಪ್ರಾಯೋಗಿಕ ಸೂಚನೆ. ನೀರು ಇರಲಿ, ಪಂಪು ಇರಲಿ, ಟೋಪಿ ಇರಲಿ. ಪ್ರಶ್ನಾವಳಿ ಬೇಡ. ಕಾವಲಿನ ಪಕ್ಕದ ಹಳ್ಳಿಗಳಲ್ಲಿ ನೋಟ್‌ಬುಕ್ ಹಿಡಿದು ಅಡ್ಡಾಡಬೇಡಿ. ಅರಳಿಕಟ್ಟೆಯ ಮೇಲಿನ ಮಾತು ನಿಲ್ಲುತ್ತದೆ, ಯಾರಾದರೊಬ್ಬರು ಎದ್ದು ಬಂದು ‘ಅಳತೆಗೆ ಬಂದೋರಾ?’ ಎಂದು ಕೇಳುತ್ತಾರೆ. ಅಲ್ಲ ಎಂದರೆ ತಕ್ಷಣಕ್ಕೆ ನಂಬುವುದಿಲ್ಲ. ಆಗ ಸೈಕಲ್ಲು ತೋರಿಸಿ. ಅಳೆಯುವವರು ಜೀಪಿನಲ್ಲಿ ಬರುತ್ತಾರೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು.